ಬ್ರಾಹ್ಮಿ ಬಾಟಲಿಯಲ್ಲಿ ಎಮು ಎಣ್ಣೆ

ನಂಬಬೇಡಿ. ದಮ್ಮಯ್ಯ ಅಂತೀನಿ, ಇದರಲ್ಲಿ ಒಂದಕ್ಷರವನ್ನೂ ನಂಬಬೇಡಿ. ನಂಬದೆ ಕೊನೆಯವರೆಗೆ ಓದಿಬಿಟ್ಟರೆ ನೀವೇ ಗಟ್ಟಿಗರು! ಎಪ್ಪತ್ತು ವರ್ಷದಲ್ಲಿ ಅರ್ಧ ನಂಜನಗೂಡಿಗೆ ಟೋಪಿ ಹಾಕಿದವನು ನಾನು. ನನಗೆ ಟೋಪಿ ಹಾಕಿದ್ದು ಒಂದು ಹಕ್ಕಿ. ಅದೂ ಹಾರಲಾರದ ಹಕ್ಕಿ!

ಶುರುವಾದದ್ದು ನವೆಯಿಂದ. ಚಳಿಗಾಲ ಬಂತೆಂದರೆ ನನ್ನ ಮೈ ಒಣಗಿ ಬಿಳಿಚಿಕೊಳ್ಳುತ್ತದೆ. ನಿಂತರೆ ನವೆ, ಕೂತರೆ ನವೆ. ನಾನು ಬೆನ್ನು ಉಜ್ಜಿ ಉಜ್ಜಿ ಬಾಗಿಲ ಚೌಕಟ್ಟಿನ ಪಾಲಿಶ್ ಹೋಗಿತ್ತು. ಇದೇ ಹೊತ್ತಿಗೆ ತಿ. ನರಸೀಪುರದಿಂದ ಮಗಳು ಶೀಲಾ ಫೋನ್ ಮಾಡಿದಳು. ಅವಳ ಗಂಡನ ಮನೆಯಲ್ಲಿ ಸೋಮವಾರ ಸ್ವಾಮಿಗಳ ಪಾದಪೂಜೆ.

“ಅಪ್ಪಾ, ಮದ್ವೆ ಆದ್ಮೇಲೆ ಮೊದಲ್ನೇ ಸಲ ಇವರ ನೆಂಟ್ರೆಲ್ಲ ಸೇರ್ತಾವ್ರೆ. ಒಂದ್ ಗಂಟೆ ಅಲ್ಲಾಡ್ದೆ ಕೂತ್ಕೊ. ಕೆರ್ಕೊಬೇಡ. ನಿನ್ ಕಿತಾಪತಿ ಏನೂ ಬ್ಯಾಡ. ನನ್ ಮರ್ವಾದೆ ನಿನ್ ಕೈಲದೆ.”

ಮಗಳ ಮರ್ಯಾದೆ ನನ್ನ ಹತ್ತು ಉಗುರುಗಳ ಮೇಲೆ ನಿಂತಿತ್ತು!

ಪಕ್ಕದ ಹೆಡತಲೆ ಊರಿನ ನನ್ನ ಗೆಳೆಯ ಪುಟ್ಟಮಾದ ಹಿಂದೊಮ್ಮೆ ಎಮು ಸಾಕಿ ಕೈ ಸುಟ್ಟುಕೊಂಡವನು. ಹಕ್ಕಿಗಳು ಹೋದವು. ಅವುಗಳ ಕೊಬ್ಬು ಕರಗಿಸಿದ ಎಣ್ಣೆ ಮಾತ್ರ ಕ್ಯಾನಿನಲ್ಲಿ ಉಳಿದಿತ್ತು.

“ಅಚ್ಕೊ ಕಣ್ಲಾ. ಮೂರೇ ದಿನ, ಚರ್ಮ ಎಳೆಮಗೀದಂಗೆ ಆಯ್ತದೆ. ನವೆ, ಮಂಡಿನೋವು, ಬೋಳ್ ತಲೆ, ಎಲ್ಲಕ್ಕೂ ಇದೇ ಮದ್ದು!”

“ಮತ್ತೆ ನಿನ್ ತಲೆ ಯಾಕ್ಲಾ ಇನ್ನೂ ಬೋಳು?”

“ನಾನು ಮಾರೋನು ಕಣ್ಲಾ, ಅಚ್ಕೊಳೋನಲ್ಲ!”

ಇಷ್ಟು ಕೇಳಿದ ಮೇಲೂ ಕೊಂಡೆ. ಬುದ್ಧಿವಂತನಲ್ಲವೇ ನಾನು!

ತೊಡಕು ಒಂದೇ. ನಮ್ಮದು ಮೊಟ್ಟೆಯ ಹೆಸರೆತ್ತಿದರೂ ಬಾಯಿ ಮುಕ್ಕಳಿಸುವ ಶಿವಭಕ್ತರ ಮನೆ. ಹಾಗಾಗಿ ಖಾಲಿಯಾಗಿದ್ದ ಬ್ರಾಹ್ಮಿ ಎಣ್ಣೆಯ ಬಾಟಲಿಗೆ ಸುರಿದಿಟ್ಟೆ. ನನ್ನ ಹೆಂಡತಿ ಗಿರಿಜಮ್ಮ ಮೂಸಿ ನೋಡಿದಳು.

“ಏನ್ರೀ, ಬ್ರಾಹ್ಮಿ ಈ ಪಾಟಿ ವಾಸ್ನೆ ಒಡೀತದಾ?”

“ಇದು ಒರಿಜಿನಲ್ ಕಣೇ. ಇಷ್ಟ್ ದಿನ ನೀನು ತಂದಿದ್ದು ಡೂಪ್ಲಿಕೇಟು!”

ಎಂಥ ಉತ್ತರ! ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಹಾಗೇ ಸ್ವಲ್ಪ ಕೆರೆದುಕೊಂಡೆ.

ಮೂರು ದಿನ ಮೈಗೆಲ್ಲ ಬಳಿದೆ. ಚರ್ಮ ಮಿರಮಿರ ಮಿಂಚಿತು. ನವೆ? ಮೊದಲು ಒಣ ನವೆ ಇತ್ತು, ಈಗ ಜಿಡ್ಡು ನವೆ! ಸೋಮವಾರ ನರಸೀಪುರದ ಬಸ್ಸಿನಲ್ಲಿ ಕಂಬಿ ಹಿಡಿದರೆ ಕೈ ಜಾರಿ ಎರಡು ಸಲ ಕಂಡಕ್ಟರನ ಮಡಿಲಲ್ಲಿ ಕೂತೆ.

ಬೀಗರ ಮನೆಯಲ್ಲಿ ಸ್ವಾಮಿಗಳು ಪೀಠದ ಮೇಲೆ, ಬೀಗರಾದ ಮಹದೇವಪ್ಪನವರು ಪಾದದ ಬಳಿ, ಪಕ್ಕದಲ್ಲಿ ಬರಿಮೈಗೆ ಶಲ್ಯ ಹೊದ್ದ ನಾನು. ಹತ್ತು ನಿಮಿಷ ಕಲ್ಲಿನ ಬಸವನಂತೆ ಕೂತೆ. ಆಮೇಲೆ ಶಲ್ಯ ಜಾರಿತು. ಬೆನ್ನಿಗೆ ಏನೋ ತಾಗಿತು. ಒರಟಾಗಿ, ಬೆಚ್ಚಗೆ. ಬೀಗರ ಮನೆಯ ಬೆಕ್ಕು! ಹುಟ್ಟಿದಂದಿನಿಂದ ಹಾಲು ಮೊಸರಲ್ಲೇ ಬೆಳೆದ ಆ ಪ್ರಾಣಿ ಕಣ್ಣು ಮುಚ್ಚಿ, ಪರಮಭಕ್ತಿಯಿಂದ ನನ್ನ ಬೆನ್ನು ನೆಕ್ಕುತ್ತಿತ್ತು. ಎಲ್ಲಿ ನವೆಯೋ ಸರಿಯಾಗಿ ಅಲ್ಲೇ! ಓಡಿಸಲು ಮನಸ್ಸೇ ಬರಲಿಲ್ಲ.

ಅಷ್ಟರಲ್ಲಿ ಪಾದ ತೊಳೆಯುತ್ತಿದ್ದ ಬೀಗರು ಮರುಗಿದರು. “ಹಿಮ್ಮಡಿ ಎಲ್ಲ ಒಡ್ದೋಗದಲ್ಲ ಬುದ್ಧಿ!”

ಗಿರಿಜಮ್ಮ ಎದ್ದಳು. “ನಮ್ಮೆಜಮಾನ್ರ ಒರಿಜಿನಲ್ ಬ್ರಾಹ್ಮಿ ಎಣ್ಣೆ ಅದೆ ಬೀಗರೇ. ನೋಡಿ, ಇವರ ಮೈ ಎಂಗ್ ಒಳೀತದೆ!”

ಅವಳ ಚೀಲದಿಂದ ಬಾಟಲಿ ಹೊರಬಂತು. ಅದನ್ನು ನಾನು ಮನೆಯಲ್ಲೇ ಬಚ್ಚಿಟ್ಟು ಬಂದಿದ್ದೆ. ಪತಿಸೇವೆಗೆಂದು ಅವಳು ಹುಡುಕಿ ತಂದಿದ್ದಳು! ಬೀಗರು ಅಂಗೈಗೆ ಸುರಿದುಕೊಂಡರು. ಕೈ ಬಾಗಿತು. ಪಾದಕ್ಕೂ ಎಮುವಿಗೂ ಎರಡೇ ಬೆರಳಿನ ಅಂತರ.

ಆಗ ನಾನು ಸಿಂಹದಂತೆ ಎದ್ದು ನಿಂತೆ.

“ನಿಲ್ಲಿಸಿ! ಅದು ಬ್ರಾಹ್ಮಿ ಅಲ್ಲ ಬುದ್ಧಿ, ಎಮು ಕೋಳಿ ಕೊಬ್ಬು, ನವೆಗೆ ಅಂತ ತಂದಿದ್ದು. ತಪ್ಪು ನಮ್ದು!”

ಬೀಗರ ಕೈ ಗಾಳಿಯಲ್ಲೇ ನಿಂತಿತು. ಬೆಕ್ಕು ಮಾತ್ರ ನನ್ನ ಬೆನ್ನು ನೆಕ್ಕುತ್ತಲೇ ಇತ್ತು. ಸ್ವಾಮಿಗಳು ಮೆಲ್ಲಗೆ ಕಾಲು ಹಿಂದಕ್ಕೆಳೆದುಕೊಂಡು ನನ್ನ ಕಡೆ ನೋಡಿದರು.

“ನವೆ ಹೋಯ್ತಾ?”

“ಇಲ್ಲ ಬುದ್ಧಿ.”

“ಹಂಗಾದ್ರೆ ಪಾಪ, ಆ ಹಕ್ಕಿ ಸತ್ತಿದ್ದೂ ದಂಡ ಆಯ್ತಲ್ಲ!” ಎಂದು ನಕ್ಕರು. “ಇಷ್ಟ್ ಜನರ ಮುಂದೆ ನಿಜ ಹೇಳೋದು ಸುಲಭ ಅಲ್ಲ. ಮಹದೇವಪ್ಪ, ಕೈ ತೊಳ್ಕೊಂಡು ಬಾ. ಪೂಜೆ ನಡೀಲಿ.”

ನಡೆಯಿತು. ಗಿರಿಜಮ್ಮ ಮಾತ್ರ ವಾಪಸು ಬರುವಾಗ ಬಸ್ಸಿನಲ್ಲಿ ಬೇರೆ ಸೀಟು ಹಿಡಿದಳು.

ಇಷ್ಟೂ ನಿಜ. ಕಂಡಕ್ಟರನ ಮಡಿಲೂ ನಿಜ. ಆದರೆ ಎದ್ದು ನಿಂತವನ ಬೆನ್ನನ್ನು ಬೆಕ್ಕು ಹೇಗೆ ನೆಕ್ಕಿತು ಎಂದು ನೀವು ಕೇಳಲೇ ಇಲ್ಲವಲ್ಲ! ಸುಳ್ಳು ಅದೊಂದೇ. ನಾನು ಏಳಲಿಲ್ಲ. ನನ್ನ ಮುಖ ನೋಡಿದ ಶೀಲಾ ಹಿಂದಿನಿಂದ ಬಗ್ಗಿ, “ಬಾಟ್ಲೀಲಿ ಏನಪ್ಪಾ ಅದೆ?” ಎಂದು ಕಿವಿಯಲ್ಲಿ ಕೇಳಿದಳು. ನಾನು ಪಿಸುಗುಟ್ಟಿದೆ. ಅಷ್ಟೂ ನೆಂಟರ ಮುಂದೆ ಸಿಂಹದಂತೆ ನಿಂತು ಕೂಗಿದವಳು ಅವಳು.

ಆ ಹೊತ್ತಿನಲ್ಲಿ ನಾನು, ಬೆಕ್ಕಿಗೆ ಅನುಕೂಲವಾಗಲೆಂದು, ಬೆನ್ನು ಸ್ವಲ್ಪ ಬಗ್ಗಿಸಿ ಕೂತಿದ್ದೆ.