ಬಿಳಿ ಅಣ್ಣನಿಗೆ, ಹಳದಿ ಅತ್ತಿಗೆಗೆ

ಬ್ರೆಡ್ಡಣ್ಣನನ್ನು ನಾನು ಮೊದಲು ಕಂಡದ್ದು ಇಲ್ಲಿನ ಶಾಲೆಗೆ ಮೇಷ್ಟ್ರಾಗಿ ಈ ಬೀದಿಗೆ ಮನೆ ಬದಲಾಯಿಸಿ ಬಂದ ಮರುದಿನ ಬೆಳಿಗ್ಗೆ. ತಮ್ಮ ಬ್ರೆಡ್ಡಿನ ಅಂಗಡಿಯ ಒಳಗೆ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನಿಂತಿದ್ದ ಅವರು, ಹಿಟ್ಟು ನಾದುವ ಯಂತ್ರ ಮಾರಲು ಬಂದವರೊಬ್ಬರಿಗೆ ಉತ್ತರ ಕೊಡುತ್ತಿದ್ದರು.

"ಈ ರಟ್ಟೆಯಲ್ಲಿ ಕಸುವಿರೋವರೆಗೂ ನಿಮ್ಮ ಯಂತ್ರ ನನ್ನ ಹೊಸ್ತಿಲು ದಾಟೋದಿಲ್ಲ. ಹಿಟ್ಟಿಗೆ ಬೇಕಾದ್ದು ಕೈಯ ಬಿಸಿ ಸ್ವಾಮಿ, ಕರೆಂಟಿನ ಬಿಸಿಯಲ್ಲ."

ಬಂದವರು ಬಂದ ದಾರಿ ಹಿಡಿದರು. ಬ್ರೆಡ್ಡಣ್ಣ ವಿಜಯೋತ್ಸವದಂತೆ ಹಿಟ್ಟಿನ ಮುದ್ದೆಯನ್ನು ಹಲಗೆಗೆ ಅಪ್ಪಳಿಸಿದರು. ಬೀದಿಗೆಲ್ಲ ಅವರು ಅಣ್ಣನಾದ್ದರಿಂದ ಅವರ ಹೆಂಡತಿ ಬೀದಿಗೆಲ್ಲ ಅತ್ತಿಗೆ. ಆಕೆ ಗಲ್ಲಾದ ಹಿಂದೆ ಕುಳಿತು ಚಿಲ್ಲರೆ ಕೊಡುತ್ತಿದ್ದರು, ಮಾತು ಚಿಲ್ಲರೆಗಿಂತ ಕಡಿಮೆ.

ವರ್ಷಗಳು ಉರುಳಿದವು. ರಟ್ಟೆಯ ಕಸುವು ಹೇಳದೆ ಕೇಳದೆ ಇಳಿಯತೊಡಗಿತು. ಹಿಟ್ಟು ನಾದುವಾಗ ನಡುವೆ ನಿಂತು ಉಸಿರು ಎಳೆದುಕೊಳ್ಳುವುದು, ನಿಂತದ್ದಕ್ಕೆ ನೊಣ ಓಡಿಸುವ ನೆಪ ಹೇಳುವುದು ಶುರುವಾಯಿತು. ಬ್ರೆಡ್ ಮೊದಲಿನಂತೆ ಉಬ್ಬಲಿಲ್ಲ. ಒಂದು ದಿನ ಎದುರಂಗಡಿಯ ಕ್ಷೌರಿಕ ಒಂದು ಬ್ರೆಡ್ಡನ್ನು ಕೈಯಲ್ಲಿ ತೂಗಿ ನೋಡಿ, "ಅಣ್ಣಾ, ಗೋಡೆ ಕಟ್ಟೋದಿದ್ರೆ ಇನ್ನೂ ನಾಲ್ಕು ಕೊಡಿ" ಎಂದುಬಿಟ್ಟ.

ಅಂದು ಬ್ರೆಡ್ಡಣ್ಣ ಊಟ ಮಾಡಲಿಲ್ಲ. ಅಪ್ಪನಿಂದ ಕೈಗೆ ಬಂದ ಬ್ರೆಡ್ಡು ಯಂತ್ರದ ಪಾಲಾಗುವುದೇ ಎಂಬ ಚಿಂತೆ ಅವರನ್ನು ಹುಳದಂತೆ ಕೊರೆಯಿತು. ಮರುದಿನವೇ ಮೂಲೆಯ ಜಿಮ್ಮಿಗೆ ಸೇರಿದರು.

ಜಿಮ್ಮಿನ ಮಾಸ್ಟರ್ ಒಳ್ಳೆಯ ಮನುಷ್ಯ. ಎತ್ತುವುದು ಅರ್ಧ ಕೆಲಸ, ಎತ್ತಿದ ಮೇಲೆ ತಿನ್ನುವುದು ಇನ್ನರ್ಧ ಎಂದು ತಿಳಿಸಿ ಹೇಳಿದ. ಮೊಟ್ಟೆ, ಹಾಲು, ಬೇಯಿಸಿದ ಕಾಳು, ಯಾವುದಾದರೂ ಆದೀತು, ವಯಸ್ಸಾದ್ದರಿಂದ ಮೊಟ್ಟೆಯ ಹಳದಿಯನ್ನು ಸ್ವಲ್ಪ ಕಡಿಮೆ ಮಾಡಿದರೆ ಒಳ್ಳೆಯದು ಎಂದ. ಬ್ರೆಡ್ಡಣ್ಣನ ನಿಘಂಟಿನಲ್ಲಿ 'ಸ್ವಲ್ಪ' ಎಂಬ ಪದವೇ ಇರಲಿಲ್ಲ. ಹಳದಿಗೆ ಪೂರ್ತಿ ಬಹಿಷ್ಕಾರ ಬಿತ್ತು.

ಸುದ್ದಿ ಹರಡಿದ ಮೇಲೆ ಅಂಗಡಿಯೇ ವೈದ್ಯಸಭೆಯಾಯಿತು. ಕ್ಷೌರಿಕ ಹಾಲು ಬಾಳೆಹಣ್ಣು ಎಂದ. ಬಸ್ಸಿನ ಡ್ರೈವರು ನೆನೆಸಿದ ಕಡಲೆ ಎಂದರು. ಔಷಧಿ ಅಂಗಡಿಯವರು ಡಬ್ಬಿಯ ಪುಡಿ ತೋರಿಸಿದರು. ಹೇಳುವವರಿಗೇನು, ಜೀರ್ಣಿಸುವ ಹೊಟ್ಟೆ ಅವರದಲ್ಲವಲ್ಲ. ಯಾರ ಮಾತನ್ನೂ ಮುರಿಯಲಾರದ ಬ್ರೆಡ್ಡಣ್ಣ ಎಲ್ಲವನ್ನೂ ತಿಂದರು. ಆ ವಾರ ಒಲೆಯೊಳಗೆ ಬ್ರೆಡ್ಡು ಉಬ್ಬದಿದ್ದರೂ ಒಲೆಯ ಮುಂದೆ ಅವರು ಚೆನ್ನಾಗಿ ಉಬ್ಬಿದ್ದರು. ಕಡೆಗೆ ಬರೀ ಮೊಟ್ಟೆಯ ಬಿಳಿಯೇ ಸಾಕೆಂದು ತೀರ್ಮಾನವಾಯಿತು.

ಬಂದ ತೊಡಕು ಬೇರೆ. ಜಿಮ್ಮಿನಿಂದ ಬಂದಾಗ ಅವರ ಕೈಗಳು ಗಾಳಿಗೆ ಸಿಕ್ಕ ಎಲೆಯಂತೆ ನಡುಗುತ್ತಿದ್ದವು. ಮೊಟ್ಟೆ ಸುಲಿಯುವುದೇ ಸಾಹಸ, ಹಿಟ್ಟು ನಾದುವುದು ಎಲ್ಲಿಂದ ಬಂತು? ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಎದ್ದರು.

"ನೀವು ಮೊದಲು ತಿನ್ನಿ. ಹಿಟ್ಟು ನಾನು ನೋಡ್ಕೋತೀನಿ."

"ಸ್ವಲ್ಪ ದಿನ ಅಷ್ಟೇ ಕಣೇ. ಮೈ ಕೂಡಲಿ, ಆಮೇಲೆ ನೋಡು."

ಹೀಗೊಂದು ದಿನಚರಿ ಬೇರೂರಿತು. ಬ್ರೆಡ್ಡಣ್ಣ ಕುರ್ಚಿಯಲ್ಲಿ ಕುಳಿತು ಬಿಳಿಯನ್ನು ಭಕ್ತಿಯಿಂದ ತಿನ್ನುತ್ತಿದ್ದರು. ಅತ್ತಿಗೆ ರಾಶಿ ಹಿಟ್ಟನ್ನು ಮಡಚಿ, ಗುದ್ದಿ, ನಾದಿ, ಬಟ್ಟೆ ಮುಚ್ಚಿ, ಆಮೇಲೆ ತಟ್ಟೆಯಲ್ಲಿ ಉಳಿದ ಹಳದಿಗಳನ್ನು ಚೆಲ್ಲಲು ಮನಸ್ಸು ಬಾರದೆ ನಿನ್ನೆಯ ಬ್ರೆಡ್ಡಿಗೆ ಸವರಿ ತಿನ್ನುತ್ತಿದ್ದರು, ಮೇಲೊಂದು ಲೋಟ ಹಾಲು.

ಬ್ರೆಡ್ಡು ಮತ್ತೆ ಉಬ್ಬಿತು. ಗಿರಾಕಿಗಳು ಹೊಗಳಿದರು. ಬ್ರೆಡ್ಡಣ್ಣ ಆ ಹೊಗಳಿಕೆಯನ್ನು ತಮ್ಮ ರಟ್ಟೆಯ ಖಾತೆಗೇ ಜಮೆ ಮಾಡಿಕೊಂಡರು. ಅತ್ತಿಗೆಯ ರವಿಕೆಗಳ ತೋಳು ಬಿಗಿಯಾಗತೊಡಗಿದಾಗ ಬಟ್ಟೆ ಕುಗ್ಗುತ್ತಿದೆಯೆಂದು ಸೋಪು ಬದಲಾಯಿಸಲು ಸಲಹೆ ಕೊಟ್ಟರು.

ಒಂದು ಬೆಳಿಗ್ಗೆ ಮಾಸ್ಟರ್ ಬ್ರೆಡ್ಡಿಗೆಂದು ಬಂದ. ಬಾಗಿಲಲ್ಲಿ ಆಗಷ್ಟೇ ಇಳಿದ ಮೈದಾ ಮೂಟೆ. ಗುರುವಿನೆದುರು ವಿದ್ಯೆ ತೋರಿಸುವ ಇಂಥ ಮುಹೂರ್ತ ಮತ್ತೆ ಸಿಕ್ಕೀತೆ? ಬ್ರೆಡ್ಡಣ್ಣ ತೋಳೇರಿಸಿ, ಕಾಲು ಅಗಲಿಸಿ, ಮೂಟೆಗೆ ಕೈಹಾಕಿದರು. ಮೂಟೆ ಮೊಣಕಾಲಿನವರೆಗೆ ಬಂದು ಅಲ್ಲೇ ನಿಂತಿತು. ಮೇಲಕ್ಕೆ ಬರಲೊಲ್ಲದು, ಕೆಳಗೆ ಬಿಡಲು ಮಾನವೊಪ್ಪದು. ಮುಖ ಟೊಮ್ಯಾಟೋ ಆಯಿತು. ಕ್ಷೌರಿಕ ಕತ್ತರಿ ಹಿಡಿದುಕೊಂಡೇ ಓಡಿಬಂದ.

ಅತ್ತಿಗೆ ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದರು. "ಬಿಡಿ, ಸೊಂಟ ಹಿಡ್ಕೊಂಡೀತು" ಎಂದು ಮೂಟೆಯನ್ನು ತಬ್ಬಿ ಹೆಗಲಿಗೆ ಒಗೆದುಕೊಂಡು, ಬಾಗಿಲಿಗೆ ತಾಗದಂತೆ ತಲೆ ಬಗ್ಗಿಸಿ ಒಳಗೆ ಹೋದರು.

ಆಕೆ ಹೊರಗೆ ಬರುವವರೆಗೂ ಮಾಸ್ಟರ್ ತೆರೆದ ಬಾಯಿ ಮುಚ್ಚಲಿಲ್ಲ. ಬಂದ ಮೇಲೆ ಬಹಳ ವಿನಯದಿಂದ ಕೇಳಿದ:

"ಅತ್ತಿಗೇ, ವ್ಯಾಯಾಮ ಆದಮೇಲೆ ನೀವು ಏನು ತಿಂತೀರಿ?"

"ವ್ಯಾಯಾಮ ಎಲ್ಲಿ ಬಂತಪ್ಪಾ? ಹಿಟ್ಟು ನಾದ್ತೀನಿ. ಆಮೇಲೆ ಇವರು ಬಿಟ್ಟಿದ್ದು ತಿಂತೀನಿ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಬ್ರೆಡ್ಡಣ್ಣನೂ ನಕ್ಕರು, ಆದರೆ ನಗು ತುಟಿ ದಾಟಿ ಒಳಗೆ ಇಳಿಯಲಿಲ್ಲ. ಮಧ್ಯಾಹ್ನ ಗಿರಾಕಿ ಕಡಿಮೆಯಾದ ಮೇಲೆ ಹಲಗೆಯ ಪಕ್ಕ ಕುಳಿತು ಹೆಂಡತಿಯ ಕೈಗಳನ್ನು ನೋಡಿದರು. ಬ್ರೆಡ್ಡು ತಮ್ಮ ಕೈಬಿಟ್ಟು ಹೋದೀತೆಂದು ಅವರು ಬಾಗಿಲನ್ನೇ ಕಾಯುತ್ತಿದ್ದರು. ಅದು ಎಂದೋ ಹೋಗಿತ್ತು, ಮನೆಯೊಳಗೇ, ಎರಡು ಮಾರು ದೂರಕ್ಕೆ. ತಾವು ಎದುರಿಗೇ ಕುಳಿತಿದ್ದರೂ ಕಂಡಿರಲಿಲ್ಲ.

"ಕೈ ನೋಯ್ತಿರಲಿಲ್ವೇನೇ?"

"ಮೊದಮೊದಲು ನೋಯ್ತಿತ್ತು. ರಾತ್ರಿ ಮಗ್ಗುಲು ಬದಲಾಯಿಸೋಕೂ ಆಗ್ತಿರಲಿಲ್ಲ."

"ಹೇಳಬಾರದಿತ್ತೇ?"

"ಹೇಳಬೇಕೂಂತ ಬಂದಾಗೆಲ್ಲ ನೀವು ಮೊಟ್ಟೆ ಸುಲೀತಾ ಇರ್ತಿದ್ರಿ. ಅಷ್ಟು ಆಸೆಯಿಂದ ತಿನ್ನೋರ ಮುಂದೆ ಏನು ಹೇಳೋದು?"

ಬ್ರೆಡ್ಡಣ್ಣ ಎದ್ದು ಒಲೆಯಲ್ಲಿನ ಬ್ರೆಡ್ಡು ತಿರುಗಿಸಿದರು.

ಮಾಸ್ಟರ್ ಬಲವಂತ ಮಾಡಿ ಅತ್ತಿಗೆಯನ್ನೂ ಒಮ್ಮೆ ಜಿಮ್ಮಿಗೆ ಕರೆದೊಯ್ದ. ಆಕೆ ಭಾರದ ಕಬ್ಬಿಣವನ್ನು ಎತ್ತಿ, ಅತ್ತಿತ್ತ ನೋಡಿ, "ಇದನ್ನ ಎಲ್ಲಿಗೆ ಸಾಗಿಸಬೇಕು?" ಎಂದು ಕೇಳಿದರು. ಎಲ್ಲಿಗೂ ಇಲ್ಲ, ಅಲ್ಲೇ ಕೆಳಗಿಡಬೇಕು ಎಂದಾಗ, ಇಂಥ ದಂಡದ ಕೆಲಸಕ್ಕೆ ತನಗೆ ಪುರುಸೊತ್ತಿಲ್ಲವೆಂದು ಹೊರಟುಬಂದರಂತೆ.

ಈಗ ಆ ಅಂಗಡಿಯಲ್ಲಿ ನಾದುವವರು ಅತ್ತಿಗೆ. ಉಂಡೆ ಕಟ್ಟಿ ಅಚ್ಚಿಗೆ ತುಂಬುವುದು, ಒಲೆ ನೋಡಿಕೊಳ್ಳುವುದು ಬ್ರೆಡ್ಡಣ್ಣನ ಪಾಲು. ಹಿಟ್ಟಿಗೆ ಬಟ್ಟೆ ಮುಚ್ಚಿದ ಕೂಡಲೇ ಅವರು ಹಾಲು ಕಾಯಿಸಿ, ಬ್ರೆಡ್ಡು ಸುಟ್ಟು, ಇಡೀ ಮೊಟ್ಟೆಗಳನ್ನು ಸುಲಿದು, ಮೊದಲ ತಟ್ಟೆಯನ್ನು ಹೆಂಡತಿಯ ಮುಂದಿಡುತ್ತಾರೆ. ಆಕೆ ತಿಂದು ಮುಗಿಸುವವರೆಗೆ ತಾವು ಮುಟ್ಟುವುದಿಲ್ಲ. ಎಣ್ಣೆ ಹಿಡಿದು ಕರಕಲಾದ ಬ್ರೆಡ್ಡಿನ ಅಚ್ಚುಗಳನ್ನು ಉಜ್ಜುವ ಕೆಲಸವನ್ನೂ ತಾವಾಗಿಯೇ ವಹಿಸಿಕೊಂಡಿದ್ದಾರೆ. ಮೊನ್ನೆ ನೋಡಿದೆ, ಅಂಗಿಯ ತೋಳು ತುಂಬಿಕೊಂಡಿತ್ತು. ಜಿಮ್ಮಿಗೆ ಮತ್ತೆ ಹೋಗುತ್ತಿದ್ದೀರಾ ಎಂದು ವಿಚಾರಿಸಿದೆ.

"ಇಲ್ಲ ಮೇಷ್ಟ್ರೇ" ಎಂದರು ಬ್ರೆಡ್ಡಣ್ಣ, ನಾಚಿಕೊಂಡು. "ಪಾತ್ರೆ ತಿಕ್ತಿದೀನಿ."