ನಂದಿ ಬಡಾವಣೆಯ ಗುದ್ದಲಿ ಪೂಜೆ

ಶುಕ್ರವಾರ ಬೆಳಗ್ಗೆ ಹಿರಿಯೂರಿನ ನಂದಿ ಬಡಾವಣೆಯ ಜನ ಹಲ್ಲುಜ್ಜುತ್ತ ಹೊರಗೆ ಬಂದಾಗ ಪಾರ್ಕಿನಲ್ಲಿ ಸುಣ್ಣದ ಗೆರೆ ಬಿದ್ದಿತ್ತು.

ಅದು ಪಾರ್ಕು ಎನ್ನುವುದಕ್ಕೆ ಇದ್ದ ಒಂದೇ ಆಧಾರ, ಬಡಾವಣೆಯ ನಕ್ಷೆಯಲ್ಲಿ ಆ ಜಾಗಕ್ಕೆ ಹಸಿರು ಬಣ್ಣ ಬಳಿದಿದ್ದದ್ದು. ನೆಲದ ಮೇಲೆ ಹಸಿರಾಗಿ ಉಳಿದದ್ದೆಂದರೆ ದುರುಗಕ್ಕನ ಎಮ್ಮೆಗಳು ಮೂಸಿ ನೋಡಿ ಬೇಡವೆಂದು ಬಿಟ್ಟ ಕಾಂಗ್ರೆಸ್ ಗಿಡ. ಒಂದು ಮೂಲೆಯಲ್ಲಿ ದುರುಗಕ್ಕನ ಹುಲ್ಲಿನ ಬಣವೆ, ಇನ್ನೊಂದು ಮೂಲೆಯಲ್ಲಿ ಮುರುಗಪ್ಪನವರ ಟ್ರ್ಯಾಕ್ಟರು, ನಡುವೆ ಒಣಗಲು ಹಾಕಿದ ಅವರದೇ ಶೇಂಗಾ. ಇವೆಲ್ಲದರ ಸಂದಿಯಲ್ಲಿ ರಿಟೈರಾದ ಚಿಕ್ಕತಿಮ್ಮಪ್ಪ ಮೇಷ್ಟ್ರು ಸಗಣಿ ತಪ್ಪಿಸಿಕೊಳ್ಳುತ್ತ ವಾಕಿಂಗ್ ಮಾಡುತ್ತಿದ್ದರು. ದೂರದಿಂದ ನೋಡಿದವರಿಗೆ ಮೇಷ್ಟ್ರು ಈ ವಯಸ್ಸಿನಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಾರೆ ಅನಿಸುತ್ತಿತ್ತು.

"ಚೌಟ್ರಿ ಕಟ್ತಾರಂತೆ" ಎಂದಳು ದುರುಗಕ್ಕ.

"ಚೌಟ್ರಿ ಅಲ್ಲ, ನೀರಿನ ಟ್ಯಾಂಕು. ಗೆರೆ ನೋಡಿದ್ರೆ ಗೊತ್ತಾಗಲ್ವ?" ಎಂದರು ಮೇಷ್ಟ್ರು. ಗೆರೆ ಚೌಕಾಕಾರವಾಗಿತ್ತು. ಪಕ್ಕದ ಬೀದಿಯವರು ಅಂಗಡಿ ಮಳಿಗೆ ಎಂದರು. ಹಿಂದಿನ ಬೀದಿಯವರು ಬ್ರಾಂದಿ ಡಿಪೋ ಎಂದರು. ಅವರ ದನಿಯಲ್ಲಿ ಆತಂಕಕ್ಕಿಂತ ಬೇರೇನೋ ಇತ್ತು.

ಇಷ್ಟು ಹೊತ್ತಿಗೆ ಮಾರುತೇಶ ಇನ್ನೂ ಕಾಫಿ ಕುಡಿಯುತ್ತಿದ್ದ. ಸರ್ಕಾರದ ಕೃಷಿ ಕ್ಷೇತ್ರವಾದ ಬಬ್ಬೂರು ಫಾರಂನಲ್ಲಿ ಬಿತ್ತನೆ ಬೀಜದ ಗುಮಾಸ್ತ; ಮುರುಗಪ್ಪನವರ ಮನೆಯ ಬಾಡಿಗೆದಾರ; ಯಾರು ಏನು ಹೇಳಿದರೂ ಮೊದಲು ಹೂಂ ಎಂದು ಆಮೇಲೆ ಯೋಚಿಸುವ ಮನುಷ್ಯ. ಮುರುಗಪ್ಪ ಬಾಗಿಲು ತಟ್ಟದೆ ಒಳಗೆ ಬಂದರು. ಮನೆ ಅವರದೇ ಅಲ್ಲವೆ?

"ಏನಪ್ಪ ಮಾರುತೇಶ, ಏನಿದು?"

"ಏನಣ್ಣ?"

"ನನ್ನೇ ಕೇಳ್ತೀಯಲ್ಲ! ಗೌರ್ಮೆಂಟ್ನೋನು ನೀನು. ಏನು ಕಟ್ತಾರೆ ಅಲ್ಲಿ?"

"ಅಣ್ಣ, ಆ ಜಾಗ ಬಡಾವಣೆ ಮಾಡಿದ ಸೊಸೈಟಿಯೋರ್ದು. ನಾನಿರೋದು ಬೀಜದ ಸೆಕ್ಷನ್ನಲ್ಲಿ..."

"ಯಾವ ಸೆಕ್ಷನ್ನಾದ್ರೇನು, ಎಲ್ಲಾ ಒಂದೇ ಗೌರ್ಮೆಂಟಲ್ವ?" ಮುರುಗಪ್ಪ ಕುರ್ಚಿ ಎಳೆದುಕೊಂಡು ಕುಳಿತರು. "ನೋಡಪ್ಪ, ಅಲ್ಲಿ ಒಂದು ಇಟ್ಟಿಗೆ ಬಿದ್ರೆ ನನ್ನ ಶೇಂಗಾ ಚೀಲ ಎಲ್ಲಾ ತಂದು ಈ ಮನೇಲಿ ತುಂಬಬೇಕಾಗ್ತತೆ. ನಿನಗೇನೂ ಬಾಯಿಬಿಟ್ಟು ಹೇಳಬೇಕಾಗಿಲ್ಲ."

ಮಾರುತೇಶ ಕಾಫಿ ಲೋಟ ಕೆಳಗಿಟ್ಟ. ಒಳಗೆ ಹೆಂಡತಿ ಅನುಸೂಯ ಆರು ತಿಂಗಳ ಬಸುರಿ. ಹೊಳಲ್ಕೆರೆಯ ಅವಳ ತಾಯಿ ಬಂದು, ಹೆರಿಗೆಯಾಗುವವರೆಗೆ ಬಸುರಿ ಮನೆ ಬದಲಾಯಿಸಬಾರದು ಎಂದು ಅಳಿಯನ ಕೈಯಲ್ಲಿ ಆಣೆ ಹಾಕಿಸಿಕೊಂಡು ಹೋಗಿದ್ದರು. ಮಂಚ ಸರಿಸುವುದಕ್ಕೂ ಅವರ ಒಪ್ಪಿಗೆ ಇರಲಿಲ್ಲ. ಅಂಥಾದ್ದರಲ್ಲಿ ಮನೆಯೇ ಖಾಲಿ ಎಂದರೆ ಅವನು ಹೊಳಲ್ಕೆರೆಯ ದಾರಿಯನ್ನೇ ಮರೆಯಬೇಕಾಗುತ್ತಿತ್ತು.

"ಸುಮ್ನೆ ಹೋಗಿ ಜನದ ಜೊತೆ ನಿಂತು ಬರ್ರಿ. ಮುಂದೆ ಮಾತ್ರ ಹೋಗಬ್ಯಾಡ್ರಿ" ಎಂದಳು ಅನುಸೂಯ.

ಮಾರುತೇಶ ಫಾರಂಗೆ ರಜೆ ಹೇಳಿ ಜನದ ಜೊತೆ ನಿಂತ. ಜನ ಅವನನ್ನು ಮುಂದೆ ತಳ್ಳಿತು.

ಅಷ್ಟರಲ್ಲಿ ಪಾರ್ಕಿನಲ್ಲಿ ಒಂದು ಶಾಮಿಯಾನ ಎದ್ದಿತ್ತು. ಸೊಸೈಟಿಯ ಕಾರ್ಯದರ್ಶಿ ಕಲ್ಲೇಶ್ ಹಾರ, ಪೇಟ, ತೆಂಗಿನಕಾಯಿ ಹಿಡಿದು ಬೆವರುತ್ತ ಓಡಾಡುತ್ತಿದ್ದ. ಅವನ ಪಕ್ಕದಲ್ಲಿ ಪೂಜೆ ಮಾಡಿಸುವ ಅಯ್ನೋರು ಕೈಗಡಿಯಾರವನ್ನು ಕಣ್ಣಿನ ಹತ್ತಿರ ಹಿಡಿದು ಕುಳಿತಿದ್ದರು.

"ಏನು ಕಟ್ತಾರೆ ಅಂತ ಮೊದ್ಲು ಕೇಳಾಣ" ಎಂದ ಮಾರುತೇಶ.

"ಕೇಳಿದ್ರೆ ಸುಳ್ಳು ಹೇಳ್ತಾರೆ. ಮೊದ್ಲು ನಿಲ್ಸಾಣ, ಆಮೇಲೆ ಕೇಳಾಣ" ಎಂದರು ಮುರುಗಪ್ಪ. ಇದು ಎಲ್ಲರಿಗೂ ಸರಿ ಅನಿಸಿತು. ಮುಂದಾಳು ಮುಂದಾಳಿನ ಹಾಗೆ ಕಾಣಲಿ ಎಂದು ಮುರುಗಪ್ಪ ತಮ್ಮ ಜರಿ ಶಲ್ಯವನ್ನು ಮಾರುತೇಶನ ಹೆಗಲಿಗೆ ಹಾಕಿದರು. ಬಡಕಲು ಮೈಯ ಮೇಲೆ ಅದು ತಂತಿಗೆ ಹರವಿದ ಬಟ್ಟೆಯಂತೆ ಜೋಲಾಡಿತು. ಮೇಷ್ಟ್ರು, "ಮೊದಲು ಸಭೆಗೆ ವಂದನೆ ಹೇಳು. ಆಮೇಲೆ ವಿಷಯಕ್ಕೆ ಬಾ" ಎಂದು ಹೇಳಿಕೊಟ್ಟರು. ಹಿಂದಿನಿಂದ ದುರುಗಕ್ಕ ಕೂಗಿದಳು: "ಪಾರ್ಕು ಉಳೀಬೇಕು!" ಉಳಿದವರೂ ಕೂಗಿದರು. ಬಣವೆಯ ಹತ್ತಿರದಿಂದ ಒಂದು ಎಮ್ಮೆಯೂ ದನಿಗೂಡಿಸಿತು.

ಕಲ್ಲೇಶನ ಕಷ್ಟ ಬೇರೆಯೇ ಇತ್ತು. ಗುದ್ದಲಿ ಪೂಜೆಗೆ ಬಬ್ಬೂರು ಫಾರಂನಿಂದ ಒಬ್ಬ ಸಾಹೇಬರು ಬರಬೇಕಿತ್ತು. ಅವರ ಮುಖವನ್ನು ಕಲ್ಲೇಶ್ ನೋಡಿರಲಿಲ್ಲ. ರಾಹುಕಾಲ ಹತ್ತಿರ ಬರುತ್ತಿತ್ತು, ಸಾಹೇಬರು ಬಂದಿರಲಿಲ್ಲ. ಆಗ ಜರಿ ಶಲ್ಯ ಹೊದ್ದವರೊಬ್ಬರು ಊರ ಜನವನ್ನೆಲ್ಲ ಹಿಂದೆ ಕಟ್ಟಿಕೊಂಡು ಬರುವುದು ಕಾಣಿಸಿತು.

"ಎಲ್ಲಿಂದ ಬಂದ್ರಿ ಸಾರ್?"

"ಬಬ್ಬೂರು ಫಾರಂನಲ್ಲಿ..." ಎಂದು ಮಾರುತೇಶ ತನ್ನ ಪರಿಚಯ ಶುರುಮಾಡಿದ. ಮುಂದಿನ ಮಾತು ಹಾರದೊಳಗೆ ಹೂತುಹೋಯಿತು.

"ಬರ್ರಿ ಸಾಹೇಬ್ರೆ, ಬರ್ರಿ! ರಾಹುಕಾಲ ಬಂದೇ ಬಿಡ್ತು!"

"ನಾನು ಇವರ ಪರವಾಗಿ..."

"ಎಲ್ಲಾರ ಪರವಾಗಿಯೂ ನೀವೇ ಮಾಡ್ಬೇಕು ಸಾರ್!" ಪೇಟ ತಲೆಗೇರಿತು. ಅದು ಸಾಹೇಬರೆಂದರೆ ದೊಡ್ಡ ತಲೆ ಎಂಬ ಅಂದಾಜಿನಲ್ಲಿ ತಂದದ್ದು. ಮಾರುತೇಶನ ಕಣ್ಣಿನವರೆಗೂ ಇಳಿಯಿತು.

ಹಿಂದೆ ನಿಂತವರಿಗೆ ಇದು ಬೇರೆ ಥರ ಕಂಡಿತು. "ನೋಡ್ರಿ, ನಮ್ಮನ್ನ ನೋಡಿ ಹೆದ್ರಿ ಹಾರ ಹಾಕ್ತಾ ಅವ್ರೆ" ಎಂದರು ಮುರುಗಪ್ಪ. ಎಲ್ಲರೂ ಚಪ್ಪಾಳೆ ತಟ್ಟಿದರು. ಸಭೆಗೆ ವಂದನೆ ಹೇಳೋಣವೆಂದು ಮಾರುತೇಶ ಬಾಯಿ ತೆರೆದಾಗ ಅಯ್ನೋರು ಅದರೊಳಗೆ ತೀರ್ಥ ಬಿಟ್ಟರು. ವಿಷಯಕ್ಕೆ ಬರೋಣವೆಂದಾಗ ಹಣೆಗೆ ವಿಭೂತಿ ಎಳೆದರು. ಕಲ್ಲೇಶ್ ಕೈಗೆ ಗುದ್ದಲಿ ಕೊಟ್ಟ.

"ಗುದ್ದಲಿ ಕಿತ್ಕಂಡ! ಭೇಷ್!" ಎಂದು ಜನ ಕೂಗಿತು.

"ಮೂರು ಸಲ ಹಾಕ್ರಿ, ಹೊತ್ತಿಲ್ಲ" ಎಂದು ಅಯ್ನೋರು ಗದರಿದರು. ಗದರಿದವರ ಮಾತನ್ನು ಮಾರುತೇಶ ಹುಟ್ಟಿದಾಗಿನಿಂದ ಮೀರಿದವನಲ್ಲ. ಮೂರು ಸಲ ಹಾಕಿದ. ಕಣ್ಣಿಗೆ ಪೇಟ ಅಡ್ಡವಿದ್ದುದರಿಂದ ನೆಲ ಸಿಕ್ಕಿದ್ದೇ ದೊಡ್ಡದು.

ಚಪ್ಪಾಳೆ ನಿಂತಿತು.

"ಲೇ ಮಾರುತೇಶ!" ಮುರುಗಪ್ಪ ಜನರನ್ನು ಸರಿಸಿಕೊಂಡು ಮುಂದೆ ಬಂದರು. "ನಿಲ್ಸು ಅಂತ ಕಳ್ಸಿದ್ರೆ ಶುರು ಮಾಡ್ಕೊಟ್ಯಲ್ಲೋ! ಸಾಯಂಕಾಲದೊಳಗೆ ಮನೆ ಖಾಲಿ ಮಾಡು!"

"ಅಣ್ಣ, ಅವ್ರು ಹಾಕು ಅಂದ್ರು..."

"ಬಸುರಿ ಹೆಂಡ್ತೀನ ಕಟ್ಕಂಡು ಎಲ್ಲಿಗೆ ಹೋಗ್ತಾನ್ರಿ ಅವ್ನು?" ಎಂದು ದುರುಗಕ್ಕ ನಡುವೆ ಬಂದಳು. ಹಾಗೆಯೇ ನಿಂತು ಕೆನ್ನೆ ಬಡಿದುಕೊಂಡಳು. "ಅಯ್ಯೋ ನಮ್ಮವ್ವ! ಬಸುರಿ ಗಂಡ ಗುದ್ದಲಿ ಪೂಜೆ ಮಾಡಬೌದೇನ್ರಿ?"

ಅಯ್ನೋರ ಕೈಯಿಂದ ತಂಬಿಗೆ ಜಾರಿ ಬಿತ್ತು.

"ನಿಮ್ಮ ಮನೇರು ಬಸುರಿಯೇನ್ರಿ?"

"ಹೂಂ. ಆರು ತಿಂಗ್ಳು."

"ಮೊದ್ಲೇ ಹೇಳಬಾರ್ದೇನ್ರಿ?"

"ಬಾಯಿ ತೆಗ್ದಾಗೆಲ್ಲಾ ನೀವು ತೀರ್ಥ ಬಿಟ್ರಿ."

ಬಸುರಿಯ ಗಂಡ ಅಡಿಪಾಯ ತೋಡುವಂತಿಲ್ಲ, ತೋಡಿದರೆ ಆ ಕೆಲಸ ಪೂರ್ತಿಯಾಗುವುದಿಲ್ಲ ಎಂದು ಅಯ್ನೋರು ಸಾರಿದರು. ಇನ್ನು ಅವನ ಹೆಂಡತಿಯ ಹೆರಿಗೆಯಾಗಿ, ಸೂತಕ ಕಳೆದ ಮೇಲೆಯೇ ಇಲ್ಲಿ ಮತ್ತೆ ಪೂಜೆ. ಅಲ್ಲಿಯವರೆಗೆ ಒಂದು ಬುಟ್ಟಿ ಮಣ್ಣನ್ನೂ ಎತ್ತಬಾರದು. ಕಲ್ಲೇಶ್ ತಲೆಯ ಮೇಲೆ ಕೈಹೊತ್ತು, "ಅಷ್ಟು ದಿನ ನಮ್ಮ ಅಧ್ಯಕ್ಷರು ಕಾಯಲ್ಲ ಸ್ವಾಮಿ. ಬೇರೆ ಬಡಾವಣೆಗೆ ಕೊಡ್ತಾರೆ" ಎಂದ.

ಕೆಲಸ ನಿಂತಿತೆಂದು ಜನಕ್ಕೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ತಿಳಿದದ್ದೇ ತಡ, ಮುರುಗಪ್ಪ ಮಾರುತೇಶನನ್ನು ಸೊಂಟ ಹಿಡಿದು ಎತ್ತಿ ಜನರ ಹೆಗಲ ಮೇಲೆ ಕೂರಿಸಿದರು. "ಎಂಥಾ ತಲೆನಪ್ಪ ನಿಂದು! ಗುದ್ದಲಿ ಹಾಕೇ ನಿಲ್ಸಿದ್ಯಲ್ಲೋ! ಇರು, ನಿನ್ನ ಮಗ ಸ್ಕೂಲಿಗೆ ಹೋಗೋವರೆಗೂ ನಮ್ಮನೇಲೇ ಇರು!"

ಮಾರುತೇಶನಿಗೆ ತಾನು ಏನು ಮಾಡಿದೆ ಎಂಬುದು ಗೊತ್ತಾಗಲಿಲ್ಲ. ಆದರೆ ಮನೆ ಉಳಿಯಿತು ಎಂಬುದು ಗೊತ್ತಾಯಿತು. ಅಷ್ಟು ಸಾಕು ಎಂದುಕೊಂಡ.

ಆಗ ಫಾರಂನ ಜೀಪು ಬಂತು. ನಿಜವಾದ ಸಾಹೇಬರು ಇಳಿದು, ಜನರ ಹೆಗಲ ಮೇಲೆ ಪೇಟ ತೊಟ್ಟು ಕುಳಿತ ತಮ್ಮ ಗುಮಾಸ್ತನನ್ನು ಒಂದು ಸಲ ನೋಡಿದರು. "ರಜೆ ಇದಕ್ಕೇನ್ರಿ?" ಎಂದಷ್ಟೇ ಕೇಳಿದರು. ಜೀಪಿನ ಹಿಂದೆ ಟ್ರೇಲರ್ ತುಂಬ ಹೊಂಗೆ, ಬೇವು, ಗುಲ್‌ಮೊಹರ್ ಸಸಿಗಳಿದ್ದವು.

"ಇವ್ಯಾಕೆ?" ಎಂದರು ಮೇಷ್ಟ್ರು.

"ಪಾರ್ಕಿಗೆ" ಎಂದ ಕಲ್ಲೇಶ್.

"ಯಾವ ಪಾರ್ಕು?"

"ಇಲ್ಲಿ ಮಾಡ್ಬೇಕು ಅಂದ್ಕಂಡಿದ್ದು. ಸುತ್ತ ತಂತಿ ಬೇಲಿ, ಕಲ್ಲು ಬೆಂಚು, ನಡುವೆ ಕಾರಂಜಿ. ನೀವು ಪಾರ್ಕು ಉಳೀಬೇಕು ಅಂತ ಕೂಗಿದ್ದು ಕೇಳಿ ಎಷ್ಟು ಸಂತೋಷ ಆಗಿತ್ತು ಸಾರ್!"

ಮಾರುತೇಶನನ್ನು ಎತ್ತಿಕೊಂಡಿದ್ದವರು ಮೆಲ್ಲಗೆ ಕೆಳಗಿಳಿಸಿದರು. ಮೊದಲು ಸುಧಾರಿಸಿಕೊಂಡವಳು ದುರುಗಕ್ಕ.

"ಬೇಲಿ ಹಾಕಿದ್ರೆ ನನ್ನ ಎಮ್ಮೆ ಎಲ್ಲಿ ಕಟ್ಲಿ? ನಮ್ಮ ಪಾರ್ಕಿಗೆ ನಿಮ್ಮ ಪಾರ್ಕು ಬ್ಯಾಡ ಕಣಪ್ಪ!"

"ಇದ್ದ ಪಾರ್ಕನ್ನ ಕೆಡಿಸಿ ಪಾರ್ಕು ಮಾಡೋದು ಯಾವ ನ್ಯಾಯ?" ಎಂದು ಮೇಷ್ಟ್ರೂ ಕೇಳಿದರು. ಕಲ್ಲೇಶ್ ಸಾಹೇಬರ ಮುಖ ನೋಡಿದ. ಸಾಹೇಬರು ಬಣವೆ ನೋಡಿದರು. ಸಸಿಗಳು ಬಂದ ದಾರಿಯಲ್ಲೇ ಹಿಂದಕ್ಕೆ ಹೋದವು. ಈ ಗಲಾಟೆಯಲ್ಲಿ ಮುರುಗಪ್ಪ ಒಂದು ಮಾತೂ ಆಡಲಿಲ್ಲ ಎಂಬುದನ್ನು ಯಾರೂ ಗಮನಿಸಲಿಲ್ಲ.

ಸಾಯಂಕಾಲ ಮುರುಗಪ್ಪ ಮಾರುತೇಶನ ಮನೆಗೆ ಬಂದರು. ಈ ಸಲ ಬಾಗಿಲು ತಟ್ಟಿದರು. ಮಾರುತೇಶನಿಗೆ ಅದಕ್ಕೇ ಹೆದರಿಕೆಯಾಯಿತು.

"ಮಾರುತೇಶಾ, ನಮ್ಮ ಮಗಳು ದಾಕ್ಷಾಯಿಣಿನ ನೋಡಾಕೆ ದಾವಣಗೆರೆಯಿಂದ ಗಂಡಿನ ಕಡೆಯೋರು ಬರೋರಿದ್ದಾರೆ. ಮನೆ ಎಲ್ಲೈತೆ ಅಂತ ಕೇಳ್ತಾರೆ. ಪಾರ್ಕ್ ಎದುರ್ಗೆ ಅಂದ್ರೆ ಹೆಂಗಿರ್ತತೆ? ಎಮ್ಮೆ ಎದುರ್ಗೆ ಅಂದ್ರೆ ಹೆಂಗಿರ್ತತೆ? ಶೇಂಗಾ ಮಾರಿದ್ರಾಯ್ತು."

"ಕೆಲಸ ನಿಂತುಹೋಯ್ತಲ್ಲಣ್ಣ. ಹೆರಿಗೆ ಆಗೋವರೆಗೂ..."

"ಮಧ್ಯಾಹ್ನ ಅಯ್ನೋರ ಮನೆಗೆ ಹೋಗಿದ್ದೆ. ದಾರಿ ಐತಂತೆ." ಮುರುಗಪ್ಪ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಗುದ್ದಲಿ ಹಾಕಿದೋನು ಬಡಾವಣೆ ಗಡಿ ದಾಟಿ ಹೊರಗೇ ಉಳಿದ್ರೆ ದೋಷ ಅವನ ಹಿಂದೇನೇ ಹೋಗ್ತತಂತೆ. ನಾಡಿದ್ದು ಹೊಸದಾಗಿ ಪೂಜೆ ಮಾಡಬೌದಂತೆ. ಕಲ್ಲೇಶನ್ನ ಒಪ್ಸಿದ್ದೀನಿ."

"ಅಣ್ಣ, ಬಸುರಿ ಮನೆ ಬದಲಾಯಿಸಬಾರ್ದು!"

"ಛೆ ಛೆ, ಶಾಸ್ತ್ರ ಮುರಿಯೋ ಜನಾನಾ ನಾವು? ತಂಗೆಮ್ಮ ಇಲ್ಲೇ ಇರ್ಲಿ, ನನ್ನ ಮನೆ ಮಗಳ ಥರ ನೋಡ್ಕಂತೀವಿ." ಮುರುಗಪ್ಪ ಎದ್ದು ಅವನ ಬೆನ್ನು ತಟ್ಟಿದರು. "ಹೊರಡಬೇಕಾಗಿರೋದು ನೀನೊಬ್ನೇ."

ಮಾರುತೇಶ ಹೆಂಡತಿಯ ಮುಖ ನೋಡಿದ. ಅನುಸೂಯ ಚೀಲ ಹುಡುಕಿ ತಂದಳು. ತಾಯಿ ಹಾಕಿಸಿಕೊಂಡ ಆಣೆಯಲ್ಲಿ ಗಂಡನ ಸುದ್ದಿ ಇರಲಿಲ್ಲ. "ಎರಡು ಜೊತೆ ಬಟ್ಟೆ ಇಡ್ಲಾ, ಮೂರು ಜೊತೆ ಇಡ್ಲಾ?" ಎಂದು ಕೇಳಿದಳು.

ದೀಪ ಹಚ್ಚುವ ಹೊತ್ತಿಗೆ ಮಾರುತೇಶ ಬಸ್ ಸ್ಟ್ಯಾಂಡಿನ ಎದುರಿನ ಲಾಡ್ಜಿನಲ್ಲಿ ಚೀಲ ಹಿಡಿದು ನಿಂತಿದ್ದ.

"ಯಾವ ಊರು?" ಎಂದ ಮ್ಯಾನೇಜರ್.

"ಇದೇ ಊರು. ಹಿರಿಯೂರು."

"ಇದೇ ಊರೋರಿಗೆ ರೂಮ್ ಕೊಡಲ್ಲ ಸ್ವಾಮಿ, ನಮ್ಮಲ್ಲಿ ರೂಲ್ಸು. ಮನೆ ಇಲ್ವೇನ್ರಿ?"

"ಐತೆ."

"ಮತ್ತೆ? ಹೆಂಡ್ತಿ ಜೊತೆ ಜಗಳಾನಾ?"

"ಇಲ್ಲ ಸಾರ್. ಬಸುರಿ."

ಮ್ಯಾನೇಜರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಗಲ್ಲಾದ ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ಇಬ್ಬರೂ ನೋಡಿದರು.

"ಆರು ತಿಂಗಳ ಬಸುರಿನ ಮನೆ ಬಿಡಿಸೋ ಗಂಡಸರನ್ನ ಕೇಳಿದ್ದೆ. ತಾನೇ ಬಿಟ್ಟು ಬರೋನ್ನ ಇವತ್ತೇ ನೋಡಿದ್ದು" ಎಂದು ಅವರಲ್ಲೊಬ್ಬ ಹೇಳಿ, ದಾರಿ ಬಿಡುವುದಕ್ಕೆ ಕಾಲು ಒಳಗೆಳೆದುಕೊಂಡ. ಆರು ತಿಂಗಳು ಎಂದು ತಾನು ಹೇಳಲೇ ಇಲ್ಲವಲ್ಲ ಎಂದು ಮಾರುತೇಶನಿಗೆ ಹೊಳೆದದ್ದು ಬೀದಿಗಿಳಿದ ಮೇಲೆ. ಅಷ್ಟರಲ್ಲಿ ಹಿಂದಿನಿಂದ ಆ ಮನುಷ್ಯನ ದನಿ ಕೇಳುತ್ತಿತ್ತು: "ಅವ್ನೇ ಕಣ್ರಿ, ಬೆಳಗ್ಗೆ ನಂದಿ ಬಡಾವಣೇಲಿ ಪಾರ್ಕು ನಿಲ್ಸಿದೋನು!"