ದ್ವಿಮುಖ ಸಂಚಾರದ ಸುವರ್ಣಯುಗ

ಬಹಳ ಹಿಂದೆ, ಬೀದಿಗಳೆಲ್ಲ ಒಂದೇ ಕಡೆಗೆ ಹೋಗುತ್ತಿದ್ದ ಕಾಲದಲ್ಲಿ, ಋಜುಪುರಿ ಎಂಬ ಒಂದು ರಾಜ್ಯವಿತ್ತು. ಅದನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜ ನಿರ್ವಿರೋಧ ಭೂಪಾಲರು. ಪಟ್ಟಕ್ಕೆ ಬಂದ ಹೊಸತರಲ್ಲಿ ಅವರ ಸವಾರಿಗೆ ಒಂದು ಕತ್ತೆ ಎದುರು ಬಂತು. ಕತ್ತೆ ತನ್ನ ಪಾಡಿಗೆ ತಾನು ಬಂದಿತ್ತು. ಆದರೆ ಪ್ರಭುಗಳಿಗೆ ಎದುರು ಬರುವುದು ಎಂದರೇನೆಂದು ಆಸ್ಥಾನದವರು ಕೂತು ವಿಚಾರ ಮಾಡಿ, ಅದು ರಾಜದ್ರೋಹವೇ ಸರಿ ಎಂದು ತೀರ್ಮಾನಿಸಿದರು. ಅಂದಿನಿಂದ ರಾಜಧಾನಿಯ ಬೀದಿಗಳೆಲ್ಲ ಒನ್‌ವೇ ಆದವು. ಗೋಡೆಗೋಡೆಗೂ ಬಾಣದ ಗುರುತು ಬಿತ್ತು. ಅರಮನೆಯಿಂದ ಹೊರಟ ಸವಾರಿ ಜನರ ಬೆನ್ನ ಹಿಂದೆಯೇ ಊರು ಸುತ್ತಿ ಮತ್ತೆ ಅರಮನೆ ಸೇರುತ್ತಿತ್ತು. ಪ್ರಜೆಗಳ ಮುಖವನ್ನು ಪ್ರಭುಗಳು ಮತ್ತೆ ನೋಡಲಿಲ್ಲ, ನೋಡಬೇಕೆಂದು ಅವರಿಗೆ ಅನ್ನಿಸಿದ್ದೂ ಇಲ್ಲ.

ಗಾಣಿಗರ ಬೀದಿಯಲ್ಲಿ ಸೋಮವ್ವ ಎಂಬ ಸೂಲಗಿತ್ತಿ ಇದ್ದಳು. ಹೆರಿಗೆಗೆ ಕರೆ ಬಂದರೆ ಸೀರೆ ಎತ್ತಿಕಟ್ಟಿ ಸೈಕಲ್ ಹತ್ತಿ ಹೋಗುತ್ತಿದ್ದ ಗಟ್ಟಿಗಿತ್ತಿ. ಅವಳ ಮಗಳು ಬೆಳ್ಳಮ್ಮನನ್ನು ಅದೇ ಬೀದಿಗೆ ಕೊಟ್ಟಿದ್ದರು. ಕೂಗಿದರೆ ಕೇಳಿಸುವಷ್ಟು ಹತ್ತಿರದ ಮನೆ, ಆದರೆ ಬಾಣಕ್ಕೆ ಎದುರು. ಅಲ್ಲಿಗೆ ಹೋಗಬೇಕಾದರೆ ಸಂತೆಮಾಳ, ಆನೆಲಾಯ, ಕೆರೆ ಏರಿ, ಕೋಟೆಬಾಗಿಲು ಎಲ್ಲವನ್ನೂ ಬಳಸಿ ಬೀದಿಯ ಆ ತುದಿಯಿಂದ ಒಳಗೆ ಬರಬೇಕು. ಬೆಳ್ಳಮ್ಮನಿಗೆ ಚೊಚ್ಚಲು. ಕೂಸು ಅಡ್ಡ ಮಲಗಿದೆಯೆಂದು ಸೋಮವ್ವನ ಕೈಗೆ ತಿಳಿದಿತ್ತು. ಆದರೆ ಊರಿನ ಹೆರಿಗೆಗಳನ್ನೆಲ್ಲ ಬಿಟ್ಟು ಮಗಳ ಮನೆಯಲ್ಲೇ ಕಾದು ಕೂರುವಂತಿರಲಿಲ್ಲ.

ಅವಳು ಆಸ್ಥಾನಕ್ಕೆ ಹೋಗಿ ಅಡ್ಡಬಿದ್ದಳು.

“ಬುದ್ಧೀ, ನೋವು ಬಂದ ಗಳಿಗೆಗೆ ನಾನು ಮಗಳ ಪಕ್ಕದಲ್ಲಿರ್ಬೇಕು. ಇಲ್ದಿದ್ರೆ ಕೂಸು ದಕ್ಕಾಕಿಲ್ಲ. ನಮ್ ಬೀದೀಲಿ ಆ ಕಡೆಗೂ ಈ ಕಡೆಗೂ ಹೋಗಂಗೆ ಮಾಡಿ. ಎಲ್ರಿಗೂ ಆಗ್ದಿದ್ರೆ ಸೈಕಲ್ಲಿಗಾದ್ರೂ ಬಿಡಿ.”

ನೆರೆರಾಜ್ಯವೊಂದು ಇಂಥದ್ದನ್ನೇ ಮಾಡಿ ‘ಜನಸ್ನೇಹಿ ನಗರ’ ಪ್ರಶಸ್ತಿ ಹೊಡೆದುಕೊಂಡ ಸುದ್ದಿ ಪ್ರಭುಗಳನ್ನು ಆ ವಾರವಿಡೀ ಬಾಧಿಸುತ್ತಿತ್ತು. ಅವರು ಸಿಂಹಾಸನದಲ್ಲಿ ಮುಂದಕ್ಕೆ ಬಾಗಿ ಕೇಳಿದರು: “ಆ ಕಡೆಗೂ ಈ ಕಡೆಗೂ! ಇದಕ್ಕೆ ಶಾಸ್ತ್ರೀಯವಾದ ನಾಮಧೇಯವೇನು?”

ಶಬ್ದಮಂತ್ರಿ ಪರಿಭಾಷಾಚಾರ್ಯರು ಉತ್ತರೀಯ ಸರಿಪಡಿಸಿಕೊಂಡು ಎದ್ದರು. “ದ್ವಿಮುಖ ಸಂಚಾರ, ಮಹಾಪ್ರಭು.”

“ಆಹಾ! ಕಿವಿಗೆ ಬೀಳುತ್ತಲೇ ಅಭಿವೃದ್ಧಿ ಅನ್ನಿಸುತ್ತದೆ. ಜಾರಿಯಾಗಲಿ.”

ಮುದ್ರೆ ಬಿತ್ತು. ಸೋಮವ್ವ ಕೈಮುಗಿದು, ಕಣ್ಣೊರೆಸಿಕೊಂಡು ಮನೆಗೆ ಬಂದಳು.

ತೊಡಕು ಕಾಣಿಸಿದ್ದು ಅನುಷ್ಠಾನ ಸಭೆಯಲ್ಲಿ. ಎದುರು ಬರುವುದು ರಾಜದ್ರೋಹವೆಂಬ ಕಾನೂನು ಹಾಗೇ ಇತ್ತು. ದ್ವಿಮುಖ ಸಂಚಾರದ ಆಜ್ಞೆಯೂ ಇತ್ತು. ಎರಡಕ್ಕೂ ಪ್ರಭುಗಳದೇ ಮುದ್ರೆ. ಪ್ರಭುಗಳು ತಪ್ಪಿದರೆಂದು ಹೇಳುವಂತಿಲ್ಲ. ಎಲ್ಲರೂ ಗೋಡಂಬಿ ತಿನ್ನುತ್ತ ಚಿಂತಾಕ್ರಾಂತರಾಗಿದ್ದಾಗ ಆಚಾರ್ಯರೇ ಕೈಹಿಡಿದರು.

“ದ್ವಿ ಎಂದರೆ ಎರಡು. ಮುಖ ಎಂದರೆ ಮುಖ. ಎರಡು ಮುಖ ಇಟ್ಟುಕೊಂಡು ಸಂಚರಿಸುವುದೇ ದ್ವಿಮುಖ ಸಂಚಾರ. ಇದರಲ್ಲಿ ದಿಕ್ಕಿನ ಮಾತೆಲ್ಲಿದೆ?”

ಸಭೆ ತಲೆದೂಗಿತು. ಆಸ್ಥಾನದವರಿಗೆ ಇದು ಹೊಸದೂ ಅಲ್ಲ. ಅವರಲ್ಲಿ ಅನೇಕರು ಸ್ವಂತ ಖರ್ಚಿನಲ್ಲಿ ಮೊದಲಿನಿಂದಲೂ ಹಾಗೇ ಸಂಚರಿಸುತ್ತಿದ್ದರು. ಆ ಸೌಲಭ್ಯವಿಲ್ಲದ ಪ್ರಜೆಗಳು ತಲೆಯ ಹಿಂದೆ ಒಂದು ಮುಖವಾಡ ಕಟ್ಟಿಕೊಳ್ಳತಕ್ಕದ್ದೆಂದು ಸುತ್ತೋಲೆ ಹೊರಟಿತು. ಹೋಗುವವನನ್ನು ಹಿಂದಿನಿಂದ ನೋಡಿದರೆ ಬರುವವನಂತೆ ಕಾಣುತ್ತಾನೆ, ಆದ್ದರಿಂದ ಯಾರೂ ಎದುರು ಬಾರದೆಯೇ ಬೀದಿ ಎರಡೂ ಕಡೆಗೆ ನಡೆಯುತ್ತದೆ ಎಂಬುದು ಯೋಜನೆಯ ಹೆಗ್ಗಳಿಕೆ. ಮುಖವಾಡದ ಟೆಂಡರ್ ಮಹಾರಾಣಿಯವರ ತಮ್ಮನಿಗಾಯಿತು. ಅವನ ಬಳಿ ಇದ್ದ ಅಚ್ಚು ಒಂದೇ, ನಗುಮುಖದ್ದು. ಸೈಕಲ್ಲಿಗೆ ಮುಕ್ತ ಪ್ರವೇಶ ಸಿಕ್ಕಿತು. ಆದರೆ ಅದಕ್ಕೂ ಎರಡು ಮುಖ ಬೇಕಲ್ಲ? ಹಿಂದೆಯೂ ಒಂದು ಹ್ಯಾಂಡಲ್ ಕೂರಿಸಿದರು. ಹ್ಯಾಂಡಲ್ ಕೂತ ಮೇಲೆ ಸವಾರ ಕೂರಲು ಜಾಗ ಉಳಿಯಲಿಲ್ಲ. ಊರವರು ಸೈಕಲ್ ತಳ್ಳಿಕೊಂಡು ಓಡಾಡುವುದನ್ನು ಅಭ್ಯಾಸ ಮಾಡಿಕೊಂಡರು.

ಒಂದು ಮಧ್ಯಾಹ್ನ ಅಳಿಯ ತನ್ನ ಬಾಗಿಲಿನಿಂದ ಕೂಗಿದ: “ಅತ್ತೇ, ಬೇಗ ಬನ್ನೀ! ನೋವು ಬಂದೈತೆ!”

ಸೋಮವ್ವ ಮುಖವಾಡ ಬಿಗಿದುಕೊಂಡು ನೆಟ್ಟಗೆ ಆ ಕಡೆಗೇ ಹೆಜ್ಜೆ ಹಾಕಿದಳು. ಬೀದಿ ಕಾಯುವ ದಫೇದಾರ ಈಟಿ ಅಡ್ಡ ಹಿಡಿದ.

“ಎಲ್ಲಿಗವ್ವಾ, ಬಾಣಕ್ಕೆ ಎದುರಾಗಿ?”

“ಅಗೋ, ಅಳಿಯ ನಿಂತವ್ನೆ ನೋಡಪ್ಪಾ. ಬುದ್ಧಿಯೋರೇ ಎರಡು ಕಡೆಗೂ ಬಿಟ್ಟವ್ರಲ್ಲ.”

“ಎರಡು ಮುಖಕ್ಕೆ ಬಿಟ್ಟವ್ರೆ. ಎರಡು ಕಡೆಗೆ ಯಾವಾಗ ಬಿಟ್ರು?” ಅವನು ಅವಳ ಭುಜ ಹಿಡಿದು ಬಾಣದ ದಿಕ್ಕಿಗೆ ತಿರುಗಿಸಿದ. “ಈಗ ನೋಡು. ನಿನ್ ಎರಡ್ನೇ ಮುಖ ಮಗಳ ಮನೆ ಕಡೆಗೇ ಐತೆ. ಇನ್ನೇನ್ ಬೇಕು?”

“ಆ ಮುಖಕ್ಕೆ ಕೈ ಎಲ್ಲೈತೋ, ಮೂದೇವಿ?”

ದಫೇದಾರ ಯೋಚಿಸಿದ. ಕೆಟ್ಟವನೇನಲ್ಲ. “ಕೈ ವಿಚಾರ ಸುತ್ತೋಲೇಲಿ ಬಂದಿಲ್ಲ ಕಣವ್ವಾ,” ಎಂದ.

ಸೋಮವ್ವ ಓಡಿದಳು. ಸಂತೆಮಾಳದಲ್ಲಿ, ಆನೆಲಾಯದ ಬಳಿ, ಕೆರೆ ಏರಿಯ ಮೇಲೆ, ಅವಳ ಮುಂದೆ ಹೋಗುತ್ತಿದ್ದವರೆಲ್ಲ ಅವಳನ್ನೇ ನೋಡಿ ನಗುತ್ತಿದ್ದರು. ದಾರಿ ಬಿಡ್ರಪ್ಪಾ ಎಂದರೆ ಆ ಮುಖಗಳಿಗೆ ಕೇಳಿಸುತ್ತಿರಲಿಲ್ಲ. ಕೋಟೆಬಾಗಿಲು ಬಳಸಿ ಬೀದಿಯ ಆ ತುದಿಯಿಂದ ಮಗಳ ಮನೆ ಮುಟ್ಟುವಾಗ ನೆರಳು ಉದ್ದವಾಗಿತ್ತು. ಅಳಿಯ ಹೊಸ್ತಿಲ ಮೇಲೆ ತಲೆ ತಗ್ಗಿಸಿ ಕೂತಿದ್ದ.

“ಕಾಲು ಮುಂದಾಗಿ ಬಂತು ಕಣಕ್ಕಾ,” ಎಂದಳು ಪಕ್ಕದ ಮನೆಯಾಕೆ. “ಹೆಂಗೆ ತಿರುಗಿಸ್ಬೇಕು ಅಂತ ನಮಗ್ಯಾರ್ಗೂ ತಿಳೀಲಿಲ್ಲ. ಮಗಳು ಉಳಿದವ್ಳೆ.”

ಸೋಮವ್ವ ಒಳಗೆ ಹೋಗಿ ಬೆಳ್ಳಮ್ಮನ ತಲೆ ಸವರಿದಳು. ಆಮೇಲೆ ಅಳಿಯ ಕೂಸನ್ನು ಬಿಳಿಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡ. ಅವಳು ಅವನ ಹಿಂದೆ ಹೊರಟಳು.

ಅದೇ ಹೊತ್ತಿಗೆ, ಈ ಸಲ ಋಜುಪುರಿಗೇ ಬಂದ ಜನಸ್ನೇಹಿ ಪ್ರಶಸ್ತಿಯನ್ನು ಆನೆಯ ಮೇಲಿಟ್ಟುಕೊಂಡು ಪ್ರಭುಗಳ ವಿಜಯಯಾತ್ರೆ ಅವರ ಬೆನ್ನ ಹಿಂದೆ ಬಂತು. ಬೀದಿ ತುಂಬ ನಗುಮುಖಗಳನ್ನು ಕಂಡು ಪ್ರಭುಗಳು ಕಣ್ಣರಳಿಸಿದರು.

“ಆಚಾರ್ಯರೇ, ಪ್ರಜೆಗಳು ಈ ಪರಿ ಸುಖಿಗಳೆಂದು ನಮಗೆ ಯಾರೂ ತಿಳಿಸಲೇ ಇಲ್ಲ! ಆ ಮುದುಕಿಯನ್ನು ನೋಡಿ, ಎಂಥ ನಗು!”

“ಯೋಜನೆಯ ಫಲಾನುಭವಿ, ಮಹಾಪ್ರಭು. ಈ ಸಂದರ್ಭದಲ್ಲಿ ತಾವು ‘ಪ್ರಜಾವದನ ಪ್ರಫುಲ್ಲ ಚಕ್ರವರ್ತಿ’ ಎಂಬ ಬಿರುದನ್ನು ದಯಮಾಡಿ ಧರಿಸಬೇಕು.”

ಪ್ರಭುಗಳು ದಯಮಾಡಿದರು. ಬಿರುದಿನ ಉತ್ಸವಕ್ಕೆಂದು ಮುಖತೆರಿಗೆ ಹಾಕಿದರು, ತಲೆಗೆ ಎರಡರಂತೆ. ಆನೆಯ ಮೇಲಿಂದ ಹೂವು ಎರಚಿದರು. ಸೋಮವ್ವನ ತಲೆಯ ಹಿಂದೆ ಒಂದಿಷ್ಟು ಬಿತ್ತು.

ತಿರುಗಿ ನಿಂತು ತನ್ನ ಮುಖ ತೋರಿಸಿಬಿಡಬೇಕೆಂದು ಅವಳಿಗೆ ಅನ್ನಿಸಿತು. ತಿರುಗಿದರೆ ಎದುರು ಬಂದಂತೆ, ಎದುರು ಬಂದರೆ ಸೆರೆಮನೆ. ಮನೆಯಲ್ಲಿ ಹಸಿ ಬಾಣಂತಿಗೆ ನೀರು ಹಾಕುವವರು ಬೇರೆ ಯಾರೂ ಇರಲಿಲ್ಲ. ಸೋಮವ್ವ ಅಳುತ್ತ, ಬಾಣ ತೋರಿಸಿದ ಕಡೆಗೇ ನಡೆದಳು.